ಮಿಲ್ಲಿನ ಬೆಲ್ಟು ಮತ್ತು ಹತ್ತು ಬೆರಳು

ನಿಮ್ಮ ಹತ್ತಿರ ಮುಚ್ಚಿಡುವುದೇನು, ಮೂವತ್ತು ವರ್ಷ ಮಕ್ಕಳಿಗೆ ರಾಟೆಯ ಪಾಠ ಹೇಳಿದ ನಾನು ನಿವೃತ್ತನಾಗುವವರೆಗೆ ಬಾವಿಯ ರಾಟೆ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿದವನಲ್ಲ. ಕರಿಹಲಗೆಯ ಮೇಲೆ ಒಂದು ದೊಡ್ಡ ಸೊನ್ನೆ, ಒಂದು ಚಿಕ್ಕ ಸೊನ್ನೆ, ಎರಡನ್ನೂ ಬಳಸಿ ಒಂದು ಗೆರೆ. "ನೋಡ್ರಪ್ಪಾ, ಇವೆರಡೂ ಚಕ್ರ, ಇದು ಬೆಲ್ಟು" ಎಂದರೆ ಪಾಠ ಮುಗಿಯಿತು. ಸೀಮೆಸುಣ್ಣದ ಚಕ್ರ ಯಾರ ಕೈಯನ್ನೂ ಕಚ್ಚುವುದಿಲ್ಲ. ಆ ಧೈರ್ಯದ ಮೇಲೆಯೇ, ಎಂಬತ್ತರ ದಶಕ ಆಗತಾನೇ ಶುರುವಾಗಿದ್ದಾಗ, ಗುಬ್ಬಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಿಟ್ಟಿನ ಮಿಲ್ಲು ಹಾಕಿಸಿದೆ.

ಮಿಲ್ಲು ಹೆಸರಿಗೆ ನನ್ನದು, ನಡೆಸುತ್ತಿದ್ದವಳು ನನ್ನ ಹೆಂಡತಿ ಗಿರಿಜ. ಮುದ್ದೆಗೆ ರಾಗಿ ಎಷ್ಟು ನುಣ್ಣಗಿರಬೇಕು, ರೊಟ್ಟಿಗೆ ಎಷ್ಟು, ಎಲ್ಲ ಅವಳ ಎರಡು ಬೆರಳಿಗೆ ಗೊತ್ತು. ನಾನು ಕಿವಿಗೆ ಹತ್ತಿ ತುರುಕಿಕೊಂಡು, ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡು, ಯಜಮಾನನ ಗತ್ತಿನಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಮೇಷ್ಟರಾಗಿದ್ದಾಗ ಪ್ರತಿ ಸೋಮವಾರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈ ಚಾಚಿಸಿ, ಉಗುರು ನೋಡುತ್ತಿದ್ದ ಗತ್ತೇ ಅದು.

ನಮ್ಮಜ್ಜಿಯ ಕಾಲದ ಬೀಸುವ ಕಲ್ಲಿಗೆ ಬೆಲ್ಟೂ ಇರಲಿಲ್ಲ, ಸ್ವಿಚ್ಚೂ ಇರಲಿಲ್ಲ. ಕೈ ಬಿಟ್ಟರೆ ಕಲ್ಲು ನಿಂತುಬಿಡುತ್ತಿತ್ತು. ಅಜ್ಜಿಯ ತೋಳು ನೋಯುತ್ತಿತ್ತು, ನಿಜ. ಆದರೆ ಬೀಸುವವರು ಯಾರೆಂಬುದು ಆ ಕಲ್ಲಿಗೆ ಗೊತ್ತಿತ್ತು. ಮಿಲ್ಲಿಗೆ ಅದು ಗೊತ್ತಿಲ್ಲ. ಅದು ಎಲ್ಲೋ ದೂರದಿಂದ ತಂತಿಯಲ್ಲಿ ಬರುವ ಕರೆಂಟಿನ ಮಾತು ಕೇಳುತ್ತದೆ. ಇದು ನನಗೆ ಹೊಳೆದದ್ದು ತುಂಬ ತಡವಾಗಿ.

ಎರಡು ವರ್ಷ ಕಳೆಯುವುದರಲ್ಲಿ ಬೆಲ್ಟಿನ ಅಂಚು ಹಳೇ ಪಂಚೆಯ ಹಾಗೆ ನೂಲು ಬಿಡತೊಡಗಿತು. ಹೊಸದು ಹೊಲಿಸಲು ಬಸ್ಸು ಹತ್ತಿ ತುಮಕೂರಿಗೆ ಹೋದೆ. ಅಲ್ಲೊಬ್ಬ ಮುದುಕರು, ಎಲ್ಲರ ಬಾಯಲ್ಲೂ ಬರೀ ಸಾಬರು, ಮೊದಲು ಜಟಕಾ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದವರು. ಜಟಕಾ ಕಮ್ಮಿಯಾದ ಮೇಲೆ ಮಿಲ್ಲುಗಳಿಗೆ ಬೆಲ್ಟು ಹೊಲಿದು, ತಾವೇ ಹೋಗಿ ಕೂರಿಸಿಯೂ ಬರುತ್ತಿದ್ದರು. "ಕೂರಿಸೋದು ನಾನೇ ಮಾಡ್ಕೋತೀನಿ ಸಾಬ್ರೇ, ರಾಟೆ ವಿಷಯ ನಂಗೇನು ಹೊಸದಲ್ಲ" ಎಂದೆ. ಅವರು ಸೂಜಿ ಕೆಳಗಿಟ್ಟು ಎರಡೂ ಕೈಯನ್ನು ನನ್ನ ಮೂಗಿನ ಮುಂದೆ ಹಿಡಿದರು.

"ನೋಡಿ ಮೇಷ್ಟ್ರೇ, ಎಪ್ಪತ್ತಾಯ್ತು ನಂಗೆ. ಹತ್ತೂ ಇದಾವೆ. ನಮ್ ಕಸುಬಲ್ಲಿ ಇದೇ ಸರ್ಟಿಫಿಕೇಟು. ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಂಡ್ಮೇಲೇನೇ ಬೆಲ್ಟಿಗೆ ಕೈ ಹಾಕ್ಬೇಕು."

ಮನೆಗೆ ಬಂದು ಗಿರಿಜಳಿಗೆ ಇದನ್ನು ಸಾಬರ ಹಾಗೆಯೇ ಕೈ ಆಡಿಸಿ ತೋರಿಸಿದೆ. ನಗುತ್ತಾಳೆಂದುಕೊಂಡಿದ್ದೆ, ಅವಳು ನಗಲಿಲ್ಲ.

ಒಂದು ವಾರ ಹೊಸ ಬೆಲ್ಟು ಮೊಳೆಗೆ ನೇತಾಡಿತು. ಆಗ ದಿನಾ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕರೆಂಟು ಇರುತ್ತಿರಲಿಲ್ಲ. ಕರೆಂಟು ಬಂದದ್ದು ತಿಳಿಯಲಿ ಎಂದು ಊರಿನವರೆಲ್ಲ ಸ್ವಿಚ್ಚುಗಳನ್ನು ಹಾಕಿಯೇ ಬಿಡುತ್ತಿದ್ದೆವು. ದೀಪ ಹೊತ್ತಿದರೆ, ಪಕ್ಕದ ಮನೆಯ ರೇಡಿಯೊ ಕೂಗಿದರೆ, ಬಂತು ಎಂದು ಅರ್ಥ. ಅವತ್ತು ಸಿ.ಎಸ್. ಪುರದ ಕಡೆಯಿಂದ ಬಂದಿದ್ದ ಲಕ್ಕಮ್ಮನ ರಾಗಿ ಅರ್ಧ ಬೀಸಿರುವಾಗಲೇ ಕರೆಂಟು ಹೋಯಿತು, ಮಿಲ್ಲು ನಿಂತಿತು.

"ಅಯ್ಯೋ, ಮಧ್ಯಾಹ್ನದ ಬಸ್ಸಿಗೆ ಓಗ್ಬೇಕು ಕಣಪ್ಪಾ" ಎಂದು ಲಕ್ಕಮ್ಮ ಜಗಲಿಯ ಮೇಲೆ ಕೂತಳು.

ಎರಡು ಗಂಟೆ ಸುಮ್ಮನೆ ಕೂರುವ ಬದಲು ಬೆಲ್ಟು ಬದಲಾಯಿಸಿಬಿಡೋಣ ಎಂದು ಪಂಚೆ ಎತ್ತಿ ಕಟ್ಟಿ ಸ್ಪ್ಯಾನರ್ ಹಿಡಿದೆ. ಗಿರಿಜ ಬಾಗಿಲಲ್ಲಿ ನಿಂತು, "ರೀ, ಸ್ವಿಚ್ ಆರ್ಸಿದೀರಾ?" ಎಂದಳು.

"ಕರೆಂಟೇ ಇಲ್ಲ ಅಂದ್ಮೇಲೆ ಸ್ವಿಚ್ಚಿನ ಗೊಡವೆ ಯಾಕೆ? ಮೇಷ್ಟ್ರಿಗೇ ಪಾಠ ಹೇಳ್ತೀಯಲ್ಲ!" ಎಂದು ನಕ್ಕು ಮೋಟರಿನ ಕೆಳಗೆ ಬಗ್ಗಿದೆ. ಆಮೇಲೆ ಅವಳೇನು ಮಾಡಿದಳೆಂದು ನೋಡಲಿಲ್ಲ.

ಬೋಲ್ಟು ಸಡಿಲಿಸಿ, ಮೋಟರನ್ನು ಮುಂದಕ್ಕೆ ಸರಿಸಿ, ಹಳೆಯ ಬೆಲ್ಟು ತೆಗೆದೆ. ಅಷ್ಟಕ್ಕೇ ಸೊಂಟ ಹಿಡಿದುಕೊಂಡಿತು. ಹೊಸದನ್ನು ಮೋಟರಿನ ಚಿಕ್ಕ ಚಕ್ರಕ್ಕೆ ತೊಡಿಸಿ, ದೊಡ್ಡ ಚಕ್ರದ ಅಂಚಿಗೆ ಏರಿಸುತ್ತ, ಬಲಗೈಯ ನಾಲ್ಕು ಬೆರಳನ್ನು ಬೆಲ್ಟಿಗೂ ಚಕ್ರಕ್ಕೂ ನಡುವೆ ತೂರಿಸಿದ್ದೆ. ಆಗ ಪಕ್ಕದ ಮನೆಯ ರೇಡಿಯೊ ಗಂಟಲು ಬಿಚ್ಚಿ ಹಾಡಿತು. ನನ್ನ ತಲೆಯ ಮೇಲಿನ ಬಲ್ಬು ಹೊತ್ತಿಕೊಂಡಿತು.

ಇನ್ನೂ ಹನ್ನೊಂದೂ ಆಗಿರಲಿಲ್ಲ! ಕೈ ಎಳೆದುಕೊಳ್ಳಬೇಕೆಂದು ಗೊತ್ತು, ಕೈಗೇ ಅದು ಗೊತ್ತಿಲ್ಲ. ಆದರೆ ಚಕ್ರ ಅಲುಗಲಿಲ್ಲ.

"ಮೆಲ್ಲಗೆ ಬೆರಳು ತೆಗೀರಿ" ಎಂದಳು ಗಿರಿಜ, ನನ್ನ ಹಿಂದೆಯೇ ನಿಂತು. ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಒಳಗೆ ಮಿಲ್ಲಿನ ಫ್ಯೂಸು, ಬಿಳೀ ಪಿಂಗಾಣಿಯದು. ದೀಪದ ಫ್ಯೂಸು ಬೇರೆ, ಮಿಲ್ಲಿನದು ಬೇರೆ. ನಾನು ನಗುತ್ತಿದ್ದಾಗ ಅವಳು ಹಿಂದಿನಿಂದ ಅದನ್ನು ಕಿತ್ತುಕೊಂಡಿದ್ದಳು. ಅಷ್ಟು ತೋರಿಸಿ, ಅಲ್ಲೇ ಹಿಟ್ಟಿನ ನೆಲದ ಮೇಲೆ ಕೂತುಬಿಟ್ಟಳು. ನನಗೆ ಅಳು ಬಂತು. ಕಣ್ಣಿಗೆ ಹಿಟ್ಟು ಬಿತ್ತು ಎಂದೆ.

"ಬುಡವ್ವ, ಬಸ್ ಓದ್ರೆ ಓಗ್ಲಿ, ಇನ್ನೊಂದ್ ಬತ್ತದೆ" ಎಂದು ಲಕ್ಕಮ್ಮ ಒಳಗೆ ಬಂದು ಗಿರಿಜಳಿಗೆ ನೀರು ಕೊಟ್ಟಳು. ನನಗೆ ಕೊಡಲಿಲ್ಲ.

ಮುಂದಿನ ಸಲ ತುಮಕೂರಿಗೆ ಹೋದಾಗ ಸಾಬರಿಗೆ ನನ್ನ ಹತ್ತು ಬೆರಳನ್ನೂ ತೋರಿಸಿ, ನಡೆದದ್ದನ್ನು ಒಪ್ಪಿಸಿದೆ. ಅವರು ನಗಲಿಲ್ಲ. "ಆ ಸರ್ಟಿಫಿಕೇಟು ಅಮ್ಮಾವ್ರ ಹೆಸರಿಗೆ ಬರೀಬೇಕು ಮೇಷ್ಟ್ರೇ" ಎಂದರು.

ಅಂದಿನಿಂದ ಬೆಲ್ಟು ಮುಟ್ಟುವ ಮೊದಲು ಸ್ವಿಚ್ಚು ಆರಿಸುತ್ತೇನೆ, ಫ್ಯೂಸು ಕೀಳುತ್ತೇನೆ. ಕಿತ್ತದ್ದನ್ನು ಮಾತ್ರ ನನ್ನ ಜೇಬಿಗೆ ಹಾಕುವುದಿಲ್ಲ. ಅವಳ ಕೈಗೆ ಕೊಡುತ್ತೇನೆ. ಕೆಲಸ ಮುಗಿಯುವವರೆಗೆ ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡು ಹೊಸಿಲ ಹತ್ತಿರ ಕೂತಿರುತ್ತಾಳೆ. ಮುಗಿದ ಮೇಲೆ ನಾನು ಅವಳ ಮುಂದೆ ನೆಟ್ಟಗೆ ನಿಂತು ಎರಡೂ ಕೈ ಚಾಚಬೇಕು. ಅವಳು ಒಂದೊಂದೇ ಬೆರಳು ಮುಟ್ಟಿ ನೋಡುತ್ತಾಳೆ.

"ಉಗುರು ಬೆಳ್ದಿದೆ, ಕತ್ತರ್ಸಿ" ಎಂದು ಗದರಿ, ಆಮೇಲೆ ಗಂಟು ಬಿಚ್ಚುತ್ತಾಳೆ.