ಒಣಗಿಸುವ ವಿದ್ಯೆ

ಗೆಳೆಯರೇ, ‘ಶೋಷಣೆ ಎಂಬ ಪದ ಸಂಸ್ಕೃತದಿಂದ ಬಂದದ್ದು, ಅದರ ಮೂಲ ಅರ್ಥ ಒಣಗಿಸುವುದು’ ಎಂದು ಇವತ್ತು ಬೆಳಿಗ್ಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ನಾಳೆ ಹುಣಸೂರಿನಲ್ಲಿ ಈ ಪದದ ಮೇಲೆ ನನ್ನ ಭಾಷಣ. ಹೊಗೆಸೊಪ್ಪು ಒಣಗಿಸುವ ನಮ್ಮ ಬ್ಯಾರನ್ನಿನ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದೆ. ಎದುರಿಗೆ ಕೂಲಿ ಹೆಂಗಸರು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು.

ಅವರಲ್ಲಿ ಹಿರಿಯರಾದ ಸಿದ್ದಮ್ಮ ತಲೆ ಎತ್ತದೆಯೇ ಹೇಳಿದರು: “ಒಣಗ್ಸೋದಾ ಮೇಷ್ಟ್ರೇ? ಅದು ನಮ್ಮನ್ನ ಕೇಳಿ. ಮೊದಲೇ ಜೋರು ಉರಿ ಕೊಟ್ರೆ ಎಲೆ ಕೆಟ್ಟೋಯ್ತದೆ. ಸಣ್ಣಗೆ ಕಾವು ಕೊಡ್ಬೇಕು. ಆಗ ಬಂಗಾರದಂಗೆ ತಿರುಗ್ತದೆ. ಒಣಗ್ತಾ ಇವ್ನಿ ಅಂತ ಎಲೇಗೇ ಗೊತ್ತಾಗ್ಬಾರ್ದು.”

ಇಂಥ ಮಾತು ಯಾವ ನಿಘಂಟಿನಲ್ಲಿದೆ? ಭಾಷಣಕ್ಕೆಂದು ಬರೆದುಕೊಂಡೆ.

“ಬರ್ಕೊಂಡಿದ್ದಾದ್ಮೇಲೆ ಒಸಿ ನೀರು ಕೊಡಿ. ಬೆಳಗಿಂದ ಗಂಟ್ಲು ಒಣಗೋಗದೆ.”

ಒಳಗೆ ಹೋದೆ. ಅಡುಗೆಮನೆಯಲ್ಲಿ ಸಾಲಾಗಿ ಲೋಟಗಳಿದ್ದವು. ನನ್ನ ಕೈ ಅವನ್ನೆಲ್ಲ ದಾಟಿ, ಕೂಲಿಯವರಿಗೆಂದೇ ಅಜ್ಜಿಯ ಕಾಲದಿಂದ ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿಟ್ಟಿರುವ ಚೊಂಬನ್ನು ಎತ್ತಿಕೊಂಡಿತು. ನೀರು ತುಂಬಿದ ಮೇಲಷ್ಟೇ ನನಗೆ ಅದು ಹೊಳೆದದ್ದು. ನಾಚಿಕೆಯಾಯಿತು. ಚೊಂಬು ಅಲ್ಲೇ ಇಟ್ಟು, ನಾವು ಕುಡಿಯುವ ಲೋಟದಲ್ಲೇ ನೀರು ತಂದುಕೊಟ್ಟೆ.

ಸಿದ್ದಮ್ಮ ಲೋಟ ನೋಡಿ ಗಾಬರಿಯಾದರು. ಎರಡು ಹೆಜ್ಜೆ ಹಿಂದೆ ಸರಿದು, ಸೊಪ್ಪಿನ ಅಂಟು ಹಿಡಿದ ಕೈಗಳನ್ನು ಬೊಗಸೆ ಮಾಡಿ ಬಾಗಿದರು. “ಅಯ್ಯೋ, ಮೇಲಿಂದ ಹುಯ್ರಿ ಮೇಷ್ಟ್ರೇ. ನಿಮ್ಮ ಲೋಟ ನಾ ಮುಟ್ಟಕಿಲ್ಲ.”

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಮೇಲಿಂದಲೇ ಹುಯ್ದೆ.

ನಾಳೆ ಎಲ್ಲರೂ ಭಾಷಣಕ್ಕೆ ಬನ್ನಿ. ಒಣಗಿಸುವುದರಲ್ಲಿ ನಮ್ಮ ಮನೆಗೆ ಮೂರು ತಲೆಮಾರಿನ ಅನುಭವವಿದೆ.