ಅಂಕಗಳ ಪಂಕ್ತಿ

ಮಸ್ಕಿ ಕಡೆಯಿಂದ ಬರುವ ಬಸ್ಸು ಸಿಂಧನೂರು ಮುಟ್ಟುವ ಮೊದಲೇ ತೌಡಿನ ವಾಸನೆ ಮೂಗಿಗೆ ಬರುತ್ತದೆ. ಅಕ್ಕಿ ಗಿರಣಿಗಳ ಹಿಂದೆ ಗುಡ್ಡೆ ಹಾಕಿದ ಹೊಟ್ಟು, ಅದರ ಮೇಲೆ ಕಾಯುವ ಬಿಸಿಲು, ಕಾಲುವೆಯ ಕಡೆಯಿಂದ ಬರುವ ಹಸಿ ಗಾಳಿ, ಇವೆಲ್ಲ ಕೂಡಿ ಹುಟ್ಟಿಸುವ ಆ ಬೆಚ್ಚನೆಯ, ತುಸು ಸಿಹಿಯಾದ, ಗಂಟಲಲ್ಲಿ ಧೂಳಾಗಿ ಕೂರುವ ವಾಸನೆಯನ್ನು ಆ ಊರಲ್ಲಿ ಬೆಳೆದವರು ಮರೆಯಲಾರರು. ಮೊನ್ನೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ನಾನು ಆ ಬಸ್ಸಿನಲ್ಲಿದ್ದೆ. ಮುಂದಿನ ಸೀಟಿನಲ್ಲಿದ್ದ ಹೆಂಗಸು ಫೋನಿನಲ್ಲಿ ಯಾರಿಗೋ ಮಗನ ಅಂಕಗಳನ್ನು ಒಂದೊಂದೇ ವಿಷಯ ಹಿಡಿದು ಒಪ್ಪಿಸುತ್ತಿದ್ದಳು. ಮಗ ಪಕ್ಕದಲ್ಲೇ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದ. ತೌಡಿನ ವಾಸನೆಯೂ ಆ ಅಂಕಗಳೂ ಒಟ್ಟಿಗೆ ಬಂದದ್ದಕ್ಕೋ ಏನೋ, ಈಗ ಇಲ್ಲದ ಒಂದು ಮನೆಯ ಪಡಸಾಲೆಗೆ ಮನಸ್ಸು ಹೋಗಿ ಕುಳಿತುಬಿಟ್ಟಿತು.

ದೊಡ್ಡಪ್ಪನ ಆ ಮನೆ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಹಿಂದಿನ ಓಣಿಯಲ್ಲಿತ್ತು. ಈಗ ಅಲ್ಲಿ ರಸಗೊಬ್ಬರದ ಗೋದಾಮು ಇದೆ. ಕಬ್ಬಿಣದ ಷಟರ್ ಇಳಿದಿದ್ದರೆ ಅಲ್ಲಿ ಮನೆಯೊಂದಿತ್ತು ಎಂದು ಹೇಳಿದರೂ ನಂಬುವುದು ಕಷ್ಟ. ಕಲ್ಲಿನ ಗೋಡೆ, ಪರಸಿಕಲ್ಲು ಹಾಸಿದ ಉದ್ದನೆಯ ಪಡಸಾಲೆ. ಬೇಸಿಗೆಯಲ್ಲಿ ಹೊರಗಿನಿಂದ ಬಂದು ಆ ಪರಸಿಯ ಮೇಲೆ ಅಂಗಾಲಿಟ್ಟರೆ ತಂಪು ಮೊಣಕಾಲಿನವರೆಗೆ ಏರುತ್ತಿತ್ತು. ಮುಂಬಾಗಿಲಿನ ಕಡೆ ದೊಡ್ಡಪ್ಪ ಕೂರುವ ಮಣೆ, ಇನ್ನೊಂದು ತುದಿಗೆ ಅಡುಗೆಮನೆ. ಅಲ್ಲಿಂದ ಜೋಳದ ರೊಟ್ಟಿ ಬಡಿಯುವ ಸಪ್ಪಳ ಬೆಳಗಿನಿಂದಲೇ ಕೇಳುತ್ತಿತ್ತು. ನಮ್ಮೂರು ಪಾಮನಕಲ್ಲೂರು. ಸಾಲಿ ಕಲಿಯಲಿ ಎಂದು ಅಪ್ಪ ನನ್ನನ್ನು ತನ್ನ ಅಣ್ಣನ ಮನೆಯಲ್ಲಿ ಬಿಟ್ಟಿದ್ದ. ಕಾಕಾನ ಮಗ ಮಲ್ಲು, ಅವನ ತಮ್ಮ, ನಾನು, ದೊಡ್ಡಪ್ಪನ ಒಬ್ಬಳೇ ಮಗಳು ಗಿರಿಜಾ, ಇಷ್ಟು ಜನ ಆ ಮನೆಯಲ್ಲಿ ಓದುವ ಮಕ್ಕಳು. ಗಿರಿಜಾ ನನಗಿಂತ ಚಿಕ್ಕವಳು, ಮಲ್ಲುವಿನ ಓರಗೆಯವಳು. ಅವರಿಬ್ಬರದೂ ಒಂದೇ ತರಗತಿ.

ದೊಡ್ಡಪ್ಪನದು ಗಂಜಿನಲ್ಲಿ ದಲಾಲಿ ಅಂಗಡಿ. ದಢೇಸುಗೂರಿನ ಕಡೆಯ ರೈತರು ಭತ್ತ ತಂದರೆ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಹೊಟ್ಟು ಊದಿ, ಉಳಿದ ಕಾಳನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಇಡೀ ಕಾಳು ಹೆಚ್ಚಿದ್ದರೆ ಒಂದನೇ ನಂಬರು. ಗಿರಣಿಯಲ್ಲಿ ಮುರಿದು ಜರಡಿಯಿಂದ ಕೆಳಗೆ ಬೀಳುವಂಥದ್ದು ನುಚ್ಚು. ಅವರು ಹೇಳಿದ ದರ್ಜೆಗೆ ಯಾರೂ ತಕರಾರು ಎತ್ತುತ್ತಿರಲಿಲ್ಲ, ಏಕೆಂದರೆ ಅದರಲ್ಲಿ ತಮ್ಮವರು ಬೇರೆಯವರು ಎಂಬುದಿರಲಿಲ್ಲ. ಸ್ವತಃ ಹೆಚ್ಚು ಓದದವರು. ಅದಕ್ಕೇ ಇರಬೇಕು, ಶಾಲೆಯಿಂದ ಬಂದ ಅಂಕಪಟ್ಟಿಯನ್ನು ಕಣ್ಣಿಗೆ ಒತ್ತಿಕೊಂಡು ತೆರೆಯುತ್ತಿದ್ದರು. ಪರೀಕ್ಷೆಯೂ ಒಂದು ಜರಡಿ, ಅದು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಅವರಿಗಿತ್ತು.

ಆ ಮನೆಯ ಪದ್ಧತಿಯೊಂದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಲಿಯುವ ಮಕ್ಕಳೆಲ್ಲ ದೊಡ್ಡಪ್ಪನ ಜೊತೆ ಒಂದೇ ಸಾಲಿನಲ್ಲಿ ಊಟಕ್ಕೆ ಕೂರಬೇಕು, ಅಂಕಗಳ ಪ್ರಕಾರ ಕೂರಬೇಕು. ಹೆಚ್ಚು ಪಡೆದವರು ಅವರ ಮಗ್ಗುಲಿಗೆ, ಕಡಿಮೆ ಪಡೆದವರು ಅಡುಗೆಮನೆಯ ಕಡೆಗೆ. ಟೆಸ್ಟ್ ಮುಗಿದಾಗೊಮ್ಮೆ ತಾಟುಗಳು ಜಾಗ ಬದಲಿಸುತ್ತಿದ್ದವು. ಹೆಂಗಸರು ಕಡೆಗೆ ಉಣ್ಣುವ ಮನೆಯಲ್ಲಿ ಹೆಣ್ಣುಮಗಳನ್ನು ಗಂಡುಮಕ್ಕಳ ಸಾಲಿನಲ್ಲಿ ಕೂರಿಸಿಕೊಂಡದ್ದು ಅವರ ದೊಡ್ಡತನವೇ. ತನ್ನ ಮಗಳು ಎಂದು ಅವಳನ್ನು ಒಂದು ಜಾಗ ಕೂಡ ಮುಂದೆ ಸರಿಸಲಿಲ್ಲ ಎಂಬುದು ಅವರ ಹೆಮ್ಮೆ. ಮಠದಲ್ಲಿ ಪ್ರಸಾದಕ್ಕೆ ಕುಳಿತಾಗ ಪಂಕ್ತಿಭೇದ ಮಾಡುವುದು ಪಾಪ ಎಂದು ನಮಗೆ ಹೇಳುತ್ತಿದ್ದವರೂ ಅವರೇ. ಗಿರಿಜಾ ಒಮ್ಮೆ ಅದನ್ನೇ ಹಿಡಿದು, “ಅಪ್ಪಾ, ಮಠದಾಗ ಪಾಪ ಆದದ್ದು ಮನಿಯಾಗ ಹೆಂಗ ಪುಣ್ಯ ಆಕ್ಕೈತಿ?” ಎಂದು ಕೇಳಿದ್ದಳು. ದೊಡ್ಡಪ್ಪ ತುತ್ತು ಹಿಡಿದುಕೊಂಡೇ ಯೋಚಿಸಿ, “ಬಡಿಸೋದ್ರಾಗ ಭೇದ ಇಲ್ಲಲ್ಲವಾ. ಕುಂದ್ರೋದ್ರಾಗ ಅಷ್ಟ ಐತಿ,” ಎಂದಿದ್ದರು. ತಮ್ಮ ಉತ್ತರ ತಮಗೇ ಹಿಡಿಸಿ ನಕ್ಕಿದ್ದರು.

ಸಾಲಿನ ಕೊನೆಯ ತಾಟು ಯಾವಾಗಲೂ ಗಿರಿಜಾಳದೇ. ಗಣಿತ ಅವಳ ತಲೆಗೆ ಹತ್ತುತ್ತಿರಲಿಲ್ಲ. ಉಳಿದ ವಿಷಯಗಳನ್ನು ಬಾಯಿಂದ ಹೇಳು ಎಂದರೆ ಸೊಗಸಾಗಿ ಹೇಳುವವಳು, ಪರೀಕ್ಷೆಯ ಕೋಣೆಯಲ್ಲಿ ಕುಳಿತರೆ ಅರ್ಧ ಬರೆಯುವುದರಲ್ಲಿ ಗಂಟೆ ಹೊಡೆದಿರುತ್ತಿತ್ತು. ಆದರೆ ಕೊನೆಯ ಜಾಗವನ್ನು ಅವಳು ಅವಮಾನ ಎಂದುಕೊಂಡವಳಲ್ಲ. “ಏ ಮಲ್ಲ್ಯಾ, ನೀ ಅಲ್ಲೆ ಅಪ್ಪನ ಮಗ್ಗಲಿಗೆ ಆರಿದ ರೊಟ್ಟಿ ತಿನ್ನು. ಒಲಿಮ್ಯಾಲಿಂದ ಇಳಿದದ್ದು ಮೊದ್ಲು ನನ್ನ ತಾಟಿಗೇ ಬರ್ತೈತಿ,” ಎಂದು ಕಿಚಾಯಿಸುತ್ತಿದ್ದಳು. ಮಲ್ಲು ಸಿಟ್ಟಿಗೇಳುತ್ತಿದ್ದ. “ಫೇಲ್ ಆಗು, ಇನ್ನೂ ಬಿಸೀವು ಸಿಗ್ತಾವ,” ಎನ್ನುತ್ತಿದ್ದ. ಅವಳು ತಕ್ಷಣ ಅವರಿಬ್ಬರ ಗಣಿತ ಮಾಸ್ತರರು ಮೂಗೇರಿಸಿ ಮಾತಾಡುವ ಹಾಗೆ ಮಾತಾಡಿ ತೋರಿಸುತ್ತಿದ್ದಳು. ದೊಡ್ಡಪ್ಪ ನೆತ್ತಿಗೆ ಹತ್ತುವಷ್ಟು ನಗುತ್ತಿದ್ದರು, ದೊಡ್ಡವ್ವ ಒಳಗಿನಿಂದ “ಉಣ್ಣೂ ಮುಂದ ನಗಸಬ್ಯಾಡಬೇ ಅವರನ್ನ” ಎಂದು ಕೂಗುತ್ತಿದ್ದಳು. ಆ ನಗುವಿಗೆ ಅಂಕ ಕೊಡುವ ಕಾಗದ ಯಾವ ಶಾಲೆಯಲ್ಲೂ ಇರಲಿಲ್ಲ. ಅದು ದಿನಾ ಇದ್ದದ್ದರಿಂದ ಅದರ ಬೆಲೆ ನಮಗೂ ತಿಳಿದಿರಲಿಲ್ಲ.

ಅವರಿಬ್ಬರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದದ್ದು ಕಡು ಬೇಸಿಗೆಯಲ್ಲಿ. ಶಾಲೆಯ ಗೋಡೆಗೆ ಅಂಟಿಸಿದ ಹಾಳೆ ನೋಡಿಕೊಂಡು ಮಲ್ಲು ಓಡುತ್ತಾ ಬಂದ. ಅವನಿಗೆ ಫಸ್ಟ್ ಕ್ಲಾಸು. ಗಿರಿಜಾ ಅವನ ಹಿಂದೆ ನಡೆದು ಬಂದಳು. ನೀರಡಿಸಿತ್ತು, ತಂಬಿಗೆ ಎತ್ತಿ ಕುಡಿದು, “ಗಣಿತ ಹೋತು, ಯವ್ವಾ,” ಎಂದಳು. ದೊಡ್ಡಪ್ಪ ಬೈಯಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಆಮೇಲೆ ಆದದ್ದನ್ನು ಕೇಳಿದವರು ಅವರನ್ನು ಕಠಿಣ ಮನುಷ್ಯ ಎಂದುಕೊಳ್ಳುತ್ತಾರೆ. “ಹೋದ್ರ ಹೋಗ್ಲಿ ಬಿಡು. ಮಳಿಗಾಲದಾಗ ಮತ್ತ ಕಟ್ಟಿದ್ರಾತು,” ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. ಅವಳ ಕಣ್ಣು ತುಂಬಿತ್ತು, ಆದರೂ ನಕ್ಕಳು.

ಸಂಜೆ ಗಂಜಿನ ಇನ್ನೊಬ್ಬ ದಲಾಲಿ ಮನೆಗೆ ಬಂದರು. ಇಬ್ಬರೂ ಪಡಸಾಲೆಯಲ್ಲಿ ಕುಳಿತು ಭತ್ತದ ಧಾರಣೆಯ ಮಾತಾಡಿದರು. ನಾನು ಕಂಬಕ್ಕೆ ಒರಗಿ ಕುಳಿತಿದ್ದೆ. ನಡುವೆ ಅವರು, “ಏನ್ರಿ ಸಾಹುಕಾರ್ರ, ಹುಡುಗುರ ರಿಜಲ್ಟ್ ಬಂತಂತಲ್ರಿ?” ಎಂದು ಕೇಳಿದರು. ದೊಡ್ಡಪ್ಪ ಗಂಜಿನ ಧಾಟಿಯಲ್ಲೇ ಉತ್ತರಿಸಿದರು. “ಬಂತ್ರಿ. ಮಲ್ಲ್ಯಾ ಒಂದನೇ ನಂಬರ್ ಮಾಲು. ಮಗಳು ನುಚ್ಚಾಗ್ಯಾಳ ನೋಡ್ರಿ. ಜರಡಿ ಮ್ಯಾಲೆ ನಿಲ್ಲಲಿಲ್ಲ.” ಇಬ್ಬರೂ ನಕ್ಕರು. ಅದು ಕೆಟ್ಟ ನಗುವಲ್ಲ, ದಿನವಿಡೀ ಕಾಳು ನೋಡಿದವರ ನಗು.

ಗಿರಿಜಾ ಚಹಾ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಂದೆ ಬಂದು ಬಂದವರಿಗೆ ಕೊಟ್ಟಳು. ಆಮೇಲೆ ಅಪ್ಪನ ಮುಂದೆ ಬಾಗಿ, “ಚಾ ತಗೋರಿ,” ಎಂದಳು.

ನಮ್ಮ ಕಡೆಯ ಮಾತು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪನಿಗೆ ಮಕ್ಕಳು ನೀ ಎನ್ನುತ್ತಾರೆ. ಅದು ಸಲಿಗೆ, ಅದೇ ಪ್ರೀತಿ. ರೀ ಹಚ್ಚುವುದು ಹೊರಗಿನವರಿಗೆ, ಬೀಗರಿಗೆ, ಮಾಸ್ತರರಿಗೆ. ಹುಟ್ಟಿದಾಗಿನಿಂದ “ಅಪ್ಪಾ ಬಾ, ಅಪ್ಪಾ ತಗೋ” ಎಂದವಳು ಅವತ್ತು “ತಗೋರಿ” ಎಂದಳು. ಬಂದವರು ಮೆಚ್ಚಿ, “ಮಗಳು ಮರ್ಯಾದಿ ಛಲೋ ಕಲ್ತಾಳ್ರಿ,” ಎಂದರು. ದೊಡ್ಡಪ್ಪ ಕಪ್ಪಿನಿಂದ ಬಸಿಗೆ ಸುರುವಿದ ಚಹಾವನ್ನು ಬಾಯಿಗೆ ಒಯ್ಯದೆ ಹಾಗೇ ಹಿಡಿದಿದ್ದರು.

ಆ ರಾತ್ರಿ ಊಟಕ್ಕೆ ತಾಟು ಹಾಕಿದಾಗ ಕೊನೆಯ ತಾಟು ಇರಲಿಲ್ಲ. “ಗಿರಿಜಾ ಎಲ್ಲಿ?” ಎಂದು ದೊಡ್ಡಪ್ಪ ಕೇಳಿದರು. “ನೀವು ಉಣ್ರಿ. ನಾ ಆಮ್ಯಾಲೆ ಅವ್ವನ ಜೋಡಿ ಉಣ್ತೀನಿ,” ಎಂದು ಒಳಗಿನಿಂದ ಉತ್ತರ ಬಂತು. ಜಗಳವಿಲ್ಲ, ಅಳುವಿಲ್ಲ, ಮಾತು ಬಿಟ್ಟದ್ದೂ ಇಲ್ಲ. ಅಲ್ಲಿಂದ ಮುಂದೆ ಅವಳು ಸಾಲಿನಲ್ಲಿ ಕೂರಲಿಲ್ಲ. ಹೆಣ್ಣುಮಕ್ಕಳು ಕಡೆಗೆ ಉಣ್ಣುವುದು ಎಲ್ಲ ಮನೆಗಳ ರೂಢಿ. ಅಪ್ಪನಿಗೆ ರೀ ಅನ್ನುವುದು ನೋಡುವವರಿಗೆ ಗೌರವ. ಹೀಗಾಗಿ ಅವಳ ಸಿಟ್ಟು ಯಾರ ಕಣ್ಣಿಗೂ ಬೀಳಲಿಲ್ಲ. ದೊಡ್ಡವ್ವ ನೆರೆಯವರ ಮುಂದೆ, “ನಮ್ಮ ಗಿರಿಜಾ ದೊಡ್ಡಾಕಿ ಆಗ್ಯಾಳ, ಅಪ್ಪಗ ಎಷ್ಟು ಮರ್ಯಾದಿ ಕೊಡ್ತಾಳ,” ಎಂದು ಹೇಳಿಕೊಂಡು ಖುಷಿಪಡುತ್ತಿದ್ದಳು. ಅದು ಗೌರವವಲ್ಲ ಎಂದು ಆ ಮನೆಯಲ್ಲಿ ಬಲ್ಲವರು ದೊಡ್ಡಪ್ಪ. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ದಾರಿಯೂ ಇರಲಿಲ್ಲ. ಮಗಳು ತನಗೆ ಮರ್ಯಾದೆ ಕೊಡುತ್ತಾಳೆ ಎಂದು ಯಾವ ಅಪ್ಪ ದೂರು ಹೇಳಿಯಾನು?

ಮಳೆಗಾಲದ ಪರೀಕ್ಷೆಯಲ್ಲಿ ಗಿರಿಜಾ ಪಾಸಾದಳು. ಗಣಿತದಲ್ಲಿ ಸರಿಯಾಗಿ ಮೂವತ್ತೈದು. ದೊಡ್ಡಪ್ಪ ಅಂಗಡಿಯನ್ನು ನಡು ಮಧ್ಯಾಹ್ನವೇ ಮುಚ್ಚಿ ಪೇಡೆಯ ಡಬ್ಬಿ ಹಿಡಿದು ಬಂದರು. ಊಟದ ಹೊತ್ತಿಗೆ ತಾವೇ ಎದ್ದು ಹೋಗಿ ತಾಟು ತಂದು ತಮ್ಮ ಮಗ್ಗುಲಿಗೆ, ಮಲ್ಲುವಿನ ತಾಟಿಗಿಂತ ಮೊದಲು ಇಟ್ಟರು. “ಬಾ, ಇಲ್ಲೆ ಕುಂದ್ರು,” ಎಂದರು. ತಮ್ಮ ಜೀವಮಾನದ ಪದ್ಧತಿಯನ್ನು ಅವರು ಮುರಿದದ್ದನ್ನು ನಾನು ಕಂಡದ್ದು ಅವತ್ತೇ. ಮಲ್ಲು ತಾನಾಗಿಯೇ ಸರಿದು ಕುಳಿತ. ಗಿರಿಜಾ ಆ ಖಾಲಿ ತಾಟನ್ನು ನೋಡಿದಳು. “ಮೂವತ್ತೈದು ಬಂದಾಕೀನ ಮುಂದ ಕುಂದ್ರಿಸಿದ್ರ ನಿಮ್ಮ ಹಿಸಾಬು ತಪ್ತೈತ್ರಿ,” ಎಂದಳು. ದನಿ ಮೆತ್ತಗಿತ್ತು. “ಉಣ್ರಿ, ಆರ್ತೈತಿ.” ದೊಡ್ಡಪ್ಪ ತಲೆ ಬಗ್ಗಿಸಿ ಉಂಡರು. ಪೇಡೆಯನ್ನು ಅವಳೇ ಓಣಿಗೆಲ್ಲ ಹಂಚಿ ಬಂದಳು.

ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಇದ್ದು ಕಾಲೇಜು ಕಲಿ ಎಂದರು, “ಬ್ಯಾಡ್ರಿ,” ಎಂದಳು. ಮುಂದೆ ಮಸ್ಕಿಯ ಅರಿವೆ ಅಂಗಡಿಯವರ ಮನೆಗೆ ಮದುವೆಯಾಗಿ ಹೋದಳು. ಒಳ್ಳೆಯ ಮನೆತನ, ಒಳ್ಳೆಯ ಗಂಡ. ಮಲ್ಲು ಲಿಂಗಸುಗೂರಿನಲ್ಲಿ ಮಾಸ್ತರನಾದ, ನಾನು ಪತ್ರಿಕೆಗೆ ಸೇರಿದೆ. ಸಾಲು ತನ್ನಷ್ಟಕ್ಕೆ ಕರಗಿತು. ದೊಡ್ಡವ್ವ ತೀರಿಕೊಂಡ ಮೇಲೆ ದೊಡ್ಡಪ್ಪ ಅಂಗಡಿಯ ಹುಡುಗರು ತಂದುಕೊಟ್ಟದ್ದನ್ನು ಅಂಗಡಿಯಲ್ಲೇ ಉಂಡು ಮುಗಿಸುತ್ತಿದ್ದರು. ಮಗಳು ತವರಿಗೆ ಬಂದಾಗ ಮಾತ್ರ ಪಡಸಾಲೆಯಲ್ಲಿ ಕೂರುತ್ತಿದ್ದರು. ಆಕೆ ಬಡಿಸುತ್ತಿದ್ದಳು.

ಪ್ರತಿವರ್ಷ ಫಲಿತಾಂಶದ ಸುದ್ದಿ ಬರೆಯುವುದು ನನ್ನ ಕೆಲಸದ ಒಂದು ಭಾಗ. ಜಿಲ್ಲೆ ಎಷ್ಟನೇ ಸ್ಥಾನದಲ್ಲಿದೆ, ಯಾರು ಪ್ರಥಮ, ಯಾವ ಶಾಲೆಗೆ ನೂರಕ್ಕೆ ನೂರು. ಉಳಿದವರಿಗೆ ಸುದ್ದಿಯಲ್ಲಿ ಜಾಗವಿರುವುದಿಲ್ಲ. ಅವರು ಒಂದು ಮೊತ್ತದಲ್ಲಿ ಸೇರಿ ಹೋಗುತ್ತಾರೆ. ಮಲ್ಲುವಿಗೆ ಫೋನು ಮಾಡಿದರೆ ಅವನು ಅವನದೇ ಗೋಳು ಹೇಳುತ್ತಾನೆ. “ಈಗ ಸಣ್ಣ ಕ್ಲಾಸಿನ್ಯಾಗ ಮಾರ್ಕ್ಸ್ ತಗದು ಗ್ರೇಡ್ ಮಾಡ್ಯಾರಪಾ. ಎ ಅಂತ ಬರದು ಕೊಟ್ರ ತಾಯಂದಿರು ಬಂದು, ಅದರ ಹಿಂದಿನ ಮಾರ್ಕ್ಸ್ ಎಷ್ಟು ಹೇಳ್ರಿ, ಬಾಜೂ ಮನಿ ಹುಡುಗಗ ಎಷ್ಟು ಬಂದಾವ ಹೇಳ್ರಿ ಅಂತಾರ.” ನಿಮ್ಮ ಮನೆಯಲ್ಲಿ ತಾಟಿನ ಸಾಲು ಇರಲಿಕ್ಕಿಲ್ಲ. ಆದರೆ ಯಾವುದೋ ಒಂದು ಸಾಲು ಇದ್ದೇ ಇತ್ತು, ಅದರ ಕೊನೆಯಲ್ಲಿ ನೀವೋ ನಿಮ್ಮವರೋ ಒಬ್ಬರು ಕುಳಿತಿದ್ದರು.

ದೊಡ್ಡಪ್ಪನನ್ನು ಮಣ್ಣು ಮಾಡಿ ಬಂದ ಸಂಜೆ ಗಿರಿಜಾ ಅಂಗಳದ ಕಟ್ಟೆಯ ಮೇಲೆ ನನ್ನ ಹತ್ತಿರ ಬಂದು ಕುಳಿತಳು. ಹಣೆಯ ವಿಭೂತಿ ಬೆವರಿಗೆ ಕಲಸಿ ಹೋಗಿತ್ತು. ಅಷ್ಟು ವರ್ಷಗಳಲ್ಲಿ ಈ ವಿಷಯ ಅವಳು ಎತ್ತಿದ್ದು ಅದೇ ಮೊದಲು.

“ಹೋದ ತಿಂಗಳು ಅಪ್ಪ ಒಬ್ಬನ ಮಸ್ಕಿಗೆ ಬಂದಿದ್ದ, ಅಣ್ಣಾ. ಹೇಳಿಲ್ಲ, ಕೇಳಿಲ್ಲ. ಮನ್ಯಾಗ ಯಾರೂ ಇದ್ದಿಲ್ಲ. ತಾಟು ಹಾಕಿ ಬಡಿಸಿದೆ. ಇನ್ನೊಂದು ತಾಟು ತಗೊಂಡ್ ಬಾ, ಇಬ್ಬರೂ ಉಣ್ಣೂಣು ಅಂದ. ನಾ ಒಲಿಮುಂದ ಏನೋ ಕೆಲಸ ಹಚ್ಚಿಕೊಂಡು ನಿಂತೆ. ಬರ್ತೀನಂತ ಕಾದ. ಕೈ ತಾಟಿನ್ಯಾಗ ಹಂಗ ಇಟ್ಕೊಂಡು ಕುಂತಿದ್ದ. ಬ್ಯಾಳಿ ಆರಿ ಹೋತು. ಆಮ್ಯಾಲೆ ಉಂಡ.”

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ಹೋಗೂ ಮುಂದ ಬಾಗಲದಾಗ ನಿಂತು, ಅಡಿಗಿ ಭಾಳ ಛಲೋ ಆಗಿತ್ತವಾ ಗಿರಿಜಾ ಅಂದ. ಮತ್ತೇನೋ ಹೇಳೋನು ಇದ್ದ ಅನಸ್ತೈತಿ. ನಾನು ಹೂಂರಿ ಅಂದುಬಿಟ್ಟೆ, ಅಣ್ಣಾ.”

ಓಣಿಯಲ್ಲಿ ಯಾರೋ ಬೈಕು ನಿಲ್ಲಿಸಿ ಒಳಗೆ ಬಂದರು, ಮಾತಾಡಿಸಿ ಹೋದರು. ಅವರು ಹೋಗುವವರೆಗೂ ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕುಳಿತಿದ್ದಳು. ಆಮೇಲೆ, ನನಗಲ್ಲ, ಎದುರಿನ ಕತ್ತಲಾಗುತ್ತಿದ್ದ ಬಾಗಿಲಿಗೆ ಹೇಳುವವಳಂತೆ ಹೇಳಿದಳು.

“ಬರೇ ಹೂಂ ಅಂದಿದ್ರ ಸಾಕಿತ್ತು.”