ದೊಡ್ಡವ್ವನ ಜೀರಿಗೆ ಕಷಾಯ

ನಿನ್ನೆ ಬೆಳಿಗ್ಗೆ ಕೆಳಗಿನ ಮನೆಯಿಂದ ಜೀರಿಗೆ ಹುರಿದ ವಾಸನೆ ಬಂತು. ಸಾರಿನ ಒಗ್ಗರಣೆಯದಲ್ಲ, ಒಣ ಬಾಣಲೆಯಲ್ಲಿ ಹುರಿದು ನೀರು ಸುರಿದಾಗ ಚೊಂಯ್ ಎಂದು ಏಳುತ್ತದಲ್ಲ, ಆ ಘಾಟು. ನನ್ನ ಕೈ ತಾನಾಗಿ ಕೆಳಹೊಟ್ಟೆಗೆ ಹೋಯಿತು. ಹನ್ನೊಂದು ವರ್ಷದ ಹಳೆಯ ಹೊಲಿಗೆಗೂ ಮೂಗಿಗೂ ಅದೇನು ನೆಂಟಸ್ತಿಕೆಯೋ ಕಾಣೆ. ಕೆಳಗಿನ ಮನೆಯಾಕೆಯ ಮಗಳು ತುಂಬು ಗರ್ಭಿಣಿ, ಚೊಚ್ಚಲು. ನೋವು ಶುರುವಾಗಿರಬೇಕು ಅಂದುಕೊಂಡೆ.

ನಮ್ಮ ಕಡೆ ಇದೊಂದು ಪರೀಕ್ಷೆ. ಬಸುರಿ ಹೊಟ್ಟೆನೋವು ಅಂದರೆ ಜೀರಿಗೆ ಕಷಾಯ ಕೊಡುತ್ತಾರೆ. ಸುಳ್ಳುನೋವಾದರೆ ಇಳಿಯುತ್ತದಂತೆ, ಹೆರಿಗೆ ನೋವಾದರೆ ಏರುತ್ತದಂತೆ. ಹುಣಸೂರಿನ ಶಾಲೆಯಲ್ಲಿ ವರ್ಷಪೂರ್ತಿ ಮಕ್ಕಳಿಗೆ ಪರೀಕ್ಷೆ ಮಾಡುವ ಟೀಚರು ನಾನು. ಈ ಒಂದು ಲೋಟದ ಪರೀಕ್ಷೆಯಲ್ಲಿ ಫೇಲಾದೆ.

ಅವ್ವ ನಾನು ಕಾಲೇಜಿನಲ್ಲಿರುವಾಗಲೇ ತೀರಿಹೋದಳು. ಹಾಗಾಗಿ ಚೊಚ್ಚಲ ಬಾಣಂತನಕ್ಕೆ ಸರಗೂರಿನ ಹತ್ತಿರದ ಹಳ್ಳಿಗೆ, ಅವ್ವನ ಅಕ್ಕನ ಮನೆಗೆ ಹೋದೆ. ದೊಡ್ಡವ್ವ ಸುತ್ತಲ ಹಳ್ಳಿಗಳಿಗೆಲ್ಲ ಬಾಣಂತಿ ನೀರು ಹಾಕುವವಳು. ಯಾರ ಮನೆಯಲ್ಲಿ ಹೆರಿಗೆಯಾದರೂ ಅವಳಿಗೆ ಕರೆ ಬರುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಂಡೆಯ ಮುಂದೆ ನಿಂತಳೆಂದರೆ ಬಾಣಂತಿ ಅಯ್ಯೋ ಅಮ್ಮಾ ಅಂದರೂ ಬಿಡುತ್ತಿರಲಿಲ್ಲ. ಆಮೇಲೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೂಗು ತಿದ್ದುವುದು. "ನಿನ್ನ ಮೂಗೂ ನಾನೇ ತಿದ್ದಿದ್ದು ಕಣವ್ವ, ಇಲ್ದಿದ್ರೆ ನಿಮ್ಮಪ್ಪನಂಗೆ ಬೋಂಡ ಆಗೋದು" ಅನ್ನುತ್ತಿದ್ದಳು. ಕನ್ನಡಿ ನೋಡಿಕೊಂಡರೆ ಇನ್ನೂ ಸ್ವಲ್ಪ ತಿದ್ದಬಹುದಿತ್ತು ಅನ್ನಿಸುತ್ತದೆ, ಇರಲಿ.

ಅವತ್ತು ತಿಂಡಿ ತಿಂದ ಮೇಲೆ ನನಗೆ ನೋವು ಶುರುವಾಯಿತು. ದೊಡ್ಡವ್ವ ಕಷಾಯ ಕೊಟ್ಟಳು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದವಳು, "ಇದು ಸುಳ್ಳುನೋವಲ್ಲ ಕಣವ್ವ, ಏರ್ತಾ ಅದೆ. ಆಟೊ ಕರೀತೀನಿ, ನಡಿ ಕೋಟೆ ಆಸ್ಪತ್ರೆಗೆ ಓಗಾನ" ಅಂದಳು. ಡಾಕ್ಟರು ಬರೆದುಕೊಟ್ಟ ತಾರೀಖಿಗೆ ಇನ್ನೂ ಹದಿನೈದು ದಿನವಿತ್ತು. ನಾನೋ ಮೊಬೈಲಿನಲ್ಲಿ ವಾರವಾರವೂ ಕೂಸು ಎಷ್ಟು ದಪ್ಪ, ಎಷ್ಟು ಉದ್ದ ಅಂತ ಓದಿಕೊಂಡ ಮಹಾಪಂಡಿತೆ. "ಸುಮ್ನಿರು ದೊಡ್ಡವ್ವ, ನಿಂಗೇನ್ ಗೊತ್ತು? ಇನ್ನೊಂದು ಲೋಟ ಕೊಡು, ಇಳೀತದೆ" ಅಂದೆ. ಅವಳು ಎರಡು ಸಲ ಆಟೊ ಅಂದಳು. ನಾನು ಎರಡು ಸಲವೂ ಬೇಡ ಅಂದೆ. ಮಧ್ಯಾಹ್ನ ಊಟದ ಹೊತ್ತಿಗೆ ಕೂಸಿನ ಮಿಸುಕಾಟ ನಿಂತಂತಾಯಿತು. ಆಗ ಆಟೊ ಆಟೊ ಎಂದು ಕಿರುಚಿದವಳೂ ನಾನೇ.

ಆಸ್ಪತ್ರೆಯಲ್ಲಿ ನಡೆದದ್ದು ತುಂಡುತುಂಡಾಗಿ ನೆನಪಿದೆ. ಕೂಸಿನ ಎದೆಬಡಿತ ಇಳಿಯುತ್ತಿದೆ, ಈಗಲೇ ಆಪರೇಷನ್ ಮಾಡಬೇಕು ಎಂದರು ಡಾಕ್ಟರಮ್ಮ. ನರ್ಸು ಸೀಮಂತದ ಹಸಿರು ಬಳೆ ಬಿಚ್ಚಿದಳು. ಒಂದು ಬರಲಿಲ್ಲ, ಒಡೆದಳು. ನನ್ನ ಗಂಡ ಇನ್ನೂ ಹುಣಸೂರಿನ ಬಸ್ಸಿನಲ್ಲಿದ್ದರು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವಳು ದೊಡ್ಡವ್ವ. ಪರದೆಯಾಚೆ ಅಳು ಕೇಳುವ ತನಕ ನನಗೆ ಜೀವವೇ ಇರಲಿಲ್ಲ. ಹೆಣ್ಣುಮಗು, ಉಳಿಯಿತು.

ಮಾರನೇ ದಿನ ವಾರ್ಡು. ಸಾಲು ಮಂಚಗಳ ಮೇಲೆ ಸುತ್ತಲ ಹಳ್ಳಿಗಳ ಬಾಣಂತಿಯರು, ಪಕ್ಕದಲ್ಲಿ ಅವರ ಅವ್ವಂದಿರು, ಅತ್ತೆಯರು. ನಮ್ಮ ಜನ ಗಂಡೋ ಹೆಣ್ಣೋ ಅನ್ನುವುದಕ್ಕೂ ಮೊದಲು "ನಾರ್ಮಲ್ಲಾ, ಆಪ್ರೇಸನ್ನಾ?" ಎಂದು ಕೇಳುತ್ತಾರೆ. ಆಪರೇಷನ್ ಅಂದರೆ ಒಂದು 'ಅಯ್ಯೋ'. ಕೆಮ್ಮಿದರೆ ಹೊಲಿಗೆ ಕಿತ್ತುಬರುವ ನೋವು, ಎದೆಯಲ್ಲಿ ಹಾಲಿಲ್ಲ, ಮೇಲಿಂದ ಈ ಅಯ್ಯೋಗಳು. ಎದುರು ಮಂಚದ ಅಜ್ಜಿ, "ಅಲ್ಲ ಕಣವ್ವ, ನಿಮ್ ದೊಡ್ಡವ್ವನೇ ಜೊತೇಲಿದ್ಲಲ್ಲ, ಅವ್ಳಿಗೆ ಗೊತ್ತಾಗ್ನಿಲ್ವಾ?" ಅಂದಳು.

"ಏನ್ ಗೊತ್ತಾಗ್ತದೆ? ಕಷಾಯ ಕುಡಿಸ್ಕೊಂಡು ಕೂತಿದ್ಲು. ಅವಳಿಂದ್ಲೇ ಇಂಗಾಗಿದ್ದು, ನನ್ ಮಗಳು ಓಗೇಬುಡೋಳು" ಅಂದುಬಿಟ್ಟೆ.

ಇಡೀ ವಾರ್ಡು ತಿರುಗಿ ನೋಡಿತು. ದೊಡ್ಡವ್ವ ಫ್ಲಾಸ್ಕಿನಿಂದ ನನಗೆ ಗಂಜಿ ಬಗ್ಗಿಸುತ್ತಿದ್ದಳು. ಆಟೊ ಬೇಡ ಅಂದವಳು ನೀನಲ್ವಾ ಅನ್ನಬಹುದಿತ್ತು. ಲೋಟ ನನ್ನ ಕೈಗಿಟ್ಟು, ಫ್ಲಾಸ್ಕಿನ ಮುಚ್ಚಳ ಹಾಕಿದಳು.

ಮನೆಗೆ ಬಂದ ಮೇಲೆ ಅವಳ ಹಳೇ ಸೀರೆಯೊಂದನ್ನು ಕಿಟಕಿಯ ಸರಳಿಗೆ ಬಿಗಿದು, ಅದರ ತುದಿ ನನ್ನ ಕೈಗೆ ಸಿಗುವಂತೆ ಇಳಿಬಿಟ್ಟಳು. ಹೊಟ್ಟೆಗೆ ಬಲ ಹಾಕದೆ ಅದನ್ನು ಜಗ್ಗಿ ಏಳುವುದಕ್ಕೆ. ಡಾಕ್ಟರಮ್ಮ ಗಾಯಕ್ಕೆ ನೀರು ತಾಕಿಸಬೇಡಿ ಅಂದಿದ್ದರಿಂದ ಊರಿಗೆಲ್ಲ ನೀರು ಹಾಕಿದವಳು ನನಗೆ ಬರೀ ಒದ್ದೆ ಬಟ್ಟೆಯಲ್ಲಿ ಬೆನ್ನು ಒರೆಸಿದಳು. ಮಾತು ಕಡಿಮೆಯಾಗಿತ್ತು. ನನ್ನನ್ನು ನಗಿಸಿದರೆ ಹೊಲಿಗೆ ನೋಯುತ್ತದೆಂದು ಸುಮ್ಮನಿದ್ದಾಳೆ ಅಂತ ನಾನು ಅಂದುಕೊಂಡೆ. ನನ್ನ ಬುದ್ಧಿಗೆ ಏನು ಹೇಳಲಿ!

ಹೊಲಿಗೆ ತೋರಿಸಲು ಹೋದ ದಿನ, ವಾರ್ಡಿನ ಮಾತು ಕಿವಿಗೆ ಬಿದ್ದಿತ್ತೇನೋ, ಡಾಕ್ಟರಮ್ಮ ತಾವಾಗಿಯೇ ಹೇಳಿದರು: "ಹೊಕ್ಕುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು ಸುತ್ಕೊಂಡಿತ್ತಮ್ಮ. ಕಷಾಯದಿಂದ ಆಗಿದ್ದಲ್ಲ ಇದು. ಇನ್ನೊಂದ್ಸಲ ಮಾತ್ರ ನೋವು ಅಂದ ತಕ್ಷಣ ಬಂದ್ಬಿಡಿ." ಹೊರಗೆ ಬೆಂಚಿನ ಮೇಲೆ ದೊಡ್ಡವ್ವ ಕೂಸನ್ನೆತ್ತಿಕೊಂಡು ಕೂತಿದ್ದಳು. "ಏನಂದ್ರವ್ವ?" ಅಂದಳು.

"ಗಾಯ ಒಣಗಿದೆಯಂತೆ" ಅಂದೆ.

ಕಷಾಯದ ಮಾತು ತೆಗೆದರೆ ಆಟೊದ ಮಾತೂ ತೆಗೆಯಬೇಕಿತ್ತು. ತಪ್ಪು ನನ್ನದು ಅನ್ನುವುದಕ್ಕಿಂತ ಅವಳದು ಅಂತಲೇ ಇರಲಿ ಅನ್ನಿಸಿತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಮೂರು ತಿಂಗಳು ಅವಳ ಕೈಯಲ್ಲಿ ಉಂಡೆ, ಹೇಳಲಿಲ್ಲ. ಒಂದೆರಡು ವರ್ಷದ ಮೇಲೆ ಅವಳು ಬಾಣಂತಿ ನೀರು ಹಾಕುವುದು ಬಿಟ್ಟಳೆಂದು ಕೇಳಿದೆ. ಯಾಕೆ ಅಂತ ಕೇಳಿದರೆ, "ಕೈಲಾಗಕಿಲ್ಲ ಬುಡವ್ವ" ಅಂದಳು. ವಯಸ್ಸಾಯಿತು ಅಂತ ನಂಬಿದೆ, ನಂಬುವುದು ಸಲೀಸಾಗಿತ್ತು.

ನಿನ್ನೆ ಆ ವಾಸನೆಗೆ ಮೆಟ್ಟಿಲಿಳಿದು ಓಡಿ, "ಕಷಾಯ ಆಮೇಲೆ ಕಣ್ರೀ, ಮೊದ್ಲು ಆಟೊ" ಎಂದು ತಾಯಿ ಮಗಳನ್ನು ಹೊರಡಿಸಿದೆ. ಮೇಲೆ ಬಂದು ದೊಡ್ಡವ್ವನಿಗೆ ಫೋನು ಮಾಡಿದೆ. ಹೊಕ್ಕುಳಬಳ್ಳಿಯ ವಿಷಯ, ಆಟೊ ವಿಷಯ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಆ ಕಡೆಯಿಂದ ಎಮ್ಮೆ ಕೂಗುತ್ತಿತ್ತು.

"ಗೊತ್ತು ಕಣವ್ವ" ಅಂದಳು. "ಡಾಕ್ಟ್ರಮ್ಮ ನಂಗೂ ಯೋಳಿದ್ರು, ಆವತ್ತೇ."

"ಮತ್ತೆ ನೀರಾಕೋದು ಯಾಕ್ ಬುಟ್ಟೆ?"

"ನಾನೆಲ್ಲವ್ವ ಬುಟ್ಟೆ? ಕರೆಯೋರು ಬುಟ್ರು. ಡಾಕ್ಟ್ರಮ್ಮ ಯೋಳಿದ್ದು ನಂಗೊಬ್ಳಿಗೆ. ನೀನಂದಿದ್ದು ವಾರ್ಡ್ ತುಂಬ ಎಂಗಸ್ರ ಮುಂದೆ."

ತಪ್ಪಾಯ್ತು ದೊಡ್ಡವ್ವ ಅಂದೆ. "ಆಯ್ತು ಬುಡು, ಎಮ್ಮೆ ಕೂಗ್ತಾ ಅದೆ" ಎಂದು ಫೋನಿಟ್ಟಳು.

ಆಗ ಹೊಳೆಯಿತು, ನನ್ನ ತಪ್ಪೊಪ್ಪಿಗೆಯನ್ನೂ ಅವಳೊಬ್ಬಳಿಗೇ ಹೇಳಿದ್ದೆ. ಆ ವಾರ್ಡಿನ ಹೆಂಗಸರನ್ನು ಈಗ ಎಲ್ಲಿ ಹುಡುಕಲಿ? ಯಾರ್ಯಾರು ಯಾವ ಊರಿನವರೋ. ಅದಕ್ಕೇ ನಿಮ್ಮನ್ನು ಕೂರಿಸಿಕೊಂಡು ಇಷ್ಟು ಹೊತ್ತು ಮಾತಾಡಿದ್ದು. ನೀವಾದರೂ ಕೇಳಿಸಿಕೊಳ್ಳಿ, ಸರಗೂರಿನ ಕಡೆ ನೆಂಟರಿದ್ದರೆ ಹೇಳಿ: ಅವಳು ಆಟೊ ಕರೆಯುತ್ತೇನೆ ಅಂದಿದ್ದಳು. ಬೇಡ ಅಂದವಳು ನಾನು.